ನಮ್ಮತ್ತೆಯವರೂ ಹ್ಯಾನಿಬಲ್ಲನೂ

ಮೊನ್ನೆ ಅಂಗಿಯ ಗುಂಡಿ ಹುಡುಕಲು ಹೋಗಿ ಈ ಡಬ್ಬಿ ತೆಗೆದೆ. ಗುಂಡಿ ಸಿಗಲಿಲ್ಲ. ಗುಂಡಿ ಹುಡುಕಲು ಹೋದಾಗ ಗುಂಡಿಯೇ ಸಿಕ್ಕ ನೆನಪು ನನಗಂತೂ ಇಲ್ಲ. ನಿಮಗಿದ್ದರೆ ನೀವು ಪುಣ್ಯವಂತರು. ಸಿಕ್ಕದ್ದು ಎರಡು ತುಕ್ಕು ಹಿಡಿದ ಹುಕ್ಕು, ಶಿವದಾರದ ಸಣ್ಣ ಉಂಡೆ, ಹಲ್ಲು ಮುರಿದ ಹಣಿಗೆ, ಯಾವ ಬೀಗದ್ದೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಕೀಲಿಕೈ. ಡಬ್ಬಿಯ ಮುಚ್ಚಳದ ಮೇಲೆ ಕೊಡೆ ಹಿಡಿದು ನಿಂತ ದೊರೆಸಾನಿಯ ಚಿತ್ರವಿದೆ. ಇಷ್ಟು ವರ್ಷದ ಕೈಯಾಡಿಕೆಯಲ್ಲಿ ಅವಳ ಮುಖ ಅಳಿಸಿಹೋಗಿ ಕೊಡೆಯಷ್ಟೇ ಉಳಿದಿದೆ. ಅದು ಬಿಸ್ಕೀಟಿನ ಡಬ್ಬಿ. ಒಂದು ಮಧ್ಯಾಹ್ನ ಈ ಡಬ್ಬಿಯನ್ನು ತೆರೆದದ್ದರಿಂದ ನನ್ನ ನಾದಿನಿ ನೀಲಾ ತನ್ನ ಹದಿಮೂರನೆಯ ವರ್ಷದಲ್ಲಿ ಸವಣೂರಿನ ಒಬ್ಬ ಸಾಹುಕಾರನಿಗೆ ಎರಡನೆಯ ಹೆಂಡತಿಯಾಗಿ ಹೋಗಿಬಿಡುವುದರಲ್ಲಿದ್ದಳು. ತೆರೆದವಳು ನಾನು.

ಇದನ್ನು ಹೇಳಬೇಕಾದರೆ ರೋಮಿನಿಂದ ಶುರು ಮಾಡಬೇಕಾಗುತ್ತದೆ. ಗಾಬರಿಯಾಗಬೇಡಿ, ದೂರವಾದರೂ ದಾರಿ ಸುಸೂತ್ರವಾಗಿದೆ.

ನನ್ನ ತವರು ಶಿಗ್ಗಾವಿ. ಆದರೆ ಅಪ್ಪ ಹುಬ್ಬಳ್ಳಿಯಲ್ಲಿ ರೈಲ್ವೆಯ ಕಚೇರಿಯಲ್ಲಿದ್ದುದರಿಂದ ನನ್ನನ್ನು ಕಾನ್ವೆಂಟಿಗೆ ಹಾಕಿದರು. ಹೆಣ್ಣುಮಗಳು ಇಂಗ್ರೇಜಿ ಕಲಿತು ಏನು ಮಾಡುತ್ತಾಳೆ ಎಂದು ಶಿಗ್ಗಾವಿಯ ಮಂದಿ ಕೇಳಿದಾಗಲೆಲ್ಲ ಅಪ್ಪ ಕಲಿಯಲಿ ಬಿಡ್ರಿ ಎಂದು ಅಲ್ಲಿಗೇ ಮಾತು ಮುಗಿಸುತ್ತಿದ್ದರು. ನಾನು ಕಲಿತದ್ದು ಮುಖ್ಯವಾಗಿ ಎರಡು: ಕರವಸ್ತ್ರದ ಅಂಚಿಗೆ ಹೂವು ಹಾಕುವುದು, ಮತ್ತು ರೋಮಿನ ಯುದ್ಧಗಳು. ಎರಡನೆಯದನ್ನು ಕಲಿಸಿದ ಸಿಸ್ಟರ್ ಇಟಲಿಯವರು. ಅವರ ಊರು ಒಂದು ದೊಡ್ಡ ಕೆರೆಯ ದಂಡೆಯ ಮೇಲಿತ್ತಂತೆ. ಎರಡು ಸಾವಿರ ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಮಂಜು ಕವಿದಿದ್ದಾಗ ಕಾರ್ಥೇಜಿನ ಹ್ಯಾನಿಬಲ್ ಅದೇ ಕೆರೆಗೂ ಗುಡ್ಡಕ್ಕೂ ನಡುವೆ ರೋಮಿನ ದಂಡನ್ನು ಸಿಕ್ಕಿಸಿ ಕತ್ತರಿಸಿ ಹಾಕಿದ. ಅಲ್ಲಿಯ ಹಳ್ಳಕ್ಕೆ ಇವತ್ತಿಗೂ ನೆತ್ತರ ಹಳ್ಳವೆಂದೇ ಹೆಸರು. ಸಿಸ್ಟರ ಅಜ್ಜನಿಗೆ ನೇಗಿಲು ಹೊಡೆಯುವಾಗ ಒಂದು ಈಟಿಯ ಮೊನೆ ಸಿಕ್ಕಿತ್ತು. ಅವರ ಅಜ್ಜಿ ಅದರಿಂದ ಕಣಕದ ಮರಿಗೆಗೆ ಅಂಟಿದ ಹಿಟ್ಟು ಕೆರೆಯುತ್ತಿದ್ದಳು. ಹ್ಯಾನಿಬಲ್ಲನ ಹೆಸರು ಬಂದರೆ ಸಿಸ್ಟರು, ಅವನು ಮೊನ್ನೆಯಷ್ಟೇ ತಮ್ಮ ಹಿತ್ತಿಲಿಗೆ ನುಗ್ಗಿ ಕೋಳಿ ಒಯ್ದವನಂತೆ ತುಟಿ ಬಿಗಿಯುತ್ತಿದ್ದರು.

ಆ ಶಾಲೆಯಲ್ಲಿ ನಾನು ಕಣ್ಣು ಮುಚ್ಚಿ ಇಟಲಿಯ ನಕಾಶೆ ಬರೆಯುತ್ತಿದ್ದೆ. ಹದಿನಾರಕ್ಕೆ ಮದುವೆಯಾಗಿ ಹಾನಗಲ್ಲಿಗೆ ಬಂದೆ. ಮನೆಯ ಎದುರಿಗೆ ಒಂದು ಕಲ್ಲಿತ್ತು. ಅದಕ್ಕೆ ಎಮ್ಮೆ ಕಟ್ಟುತ್ತಿದ್ದರು. ಅದು ವೀರಗಲ್ಲು, ಅದರಲ್ಲಿ ಕೆತ್ತಿದವನು ಈ ಊರಿನ ಕೋಟೆಯನ್ನು ಯಾರೋ ಮುತ್ತಿದಾಗ ಕಾದಿ ಸತ್ತವನು ಎಂದು ನನಗೆ ತಿಳಿದದ್ದು ಎರಡು ಮಕ್ಕಳಾದ ಮೇಲೆ. ಅಲ್ಲಿಯವರೆಗೆ ಅವನು ನನ್ನ ಪಾಲಿಗೆ ಎಮ್ಮೆಯ ಮೈ ಉಜ್ಜುವ ಕಲ್ಲೇ.

ನಮ್ಮತ್ತೆಯವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಕೈಗೆ ಕೆಲಸ ಸಿಕ್ಕಾಗ ಕಿವಿಗೂ ಏನಾದರೂ ಬೇಕು ಎನ್ನುವವರು. ಮಧ್ಯಾಹ್ನ ಅಡುಗೆಮನೆಯ ಹೊರಗಿನ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ, ಶ್ಯಾವಿಗೆ ಹೊಸೆಯುತ್ತ ಕುಳಿತರೆಂದರೆ ಏನರೆ ಹೇಳವಾ ಎನ್ನುವರು. ಗೋಡೆಯ ಆಚೆ ಮಾವನವರ ಕೋಣೆ. ನಡುವೆ ಒಂದು ಚಿಕ್ಕ ಬೆಳಕಿಂಡಿ. ಅವರು ಊಟವಾದ ಮೇಲೆ ಅಲ್ಲಿ ಗೋಡೆಗೆ ಒರಗಿ ಎಲೆಯಡಿಕೆ ಹಾಕಿಕೊಂಡು ಕೂರುತ್ತಿದ್ದರು. ಆಗಾಗ ಒಂದು ಕೆಮ್ಮು ಕೇಳಿಸುತ್ತಿತ್ತು, ಅಷ್ಟೇ. ನನಗೆ ಬಂದ ಶರಣರ ಕಥೆಗಳೆಲ್ಲ ಅತ್ತೆಯವರಿಗೆ ನನಗಿಂತ ಚೆನ್ನಾಗಿ ಗೊತ್ತಿದ್ದವು. ನಾನು ಒಂದು ಕಡೆ ತಪ್ಪಿದರೆ ಅವರು ಎರಡು ಕಡೆ ತಿದ್ದುವರು. ಕೊನೆಗೆ ಅವರು ತಿದ್ದಲಾರದ ಕಥೆಯೆಂದು ನಾನು ರೋಮಿನದನ್ನು ಹಿಡಿದೆ. ಇಲ್ಲಿಯೂ ನನ್ನ ಲೆಕ್ಕ ತಪ್ಪಿತು.

ಹ್ಯಾನಿಬಲ್ ಮೂವತ್ತೇಳು ಆನೆಗಳನ್ನು ಕರಕೊಂಡು ಹಿಮದ ಗುಡ್ಡ ಹತ್ತಿದ ಎಂದೆ. ಹಿಮವೆಂದರೆ ಏನು ಎಂದು ಕೇಳಿದರು. ಹುಬ್ಬಳ್ಳಿಯ ಸೋಡಾ ಅಂಗಡಿಯ ಬರ್ಫನ್ನು ನೆನಪು ಮಾಡಿಕೊಟ್ಟೆ. ಅದಕ್ಕೆ ಅವರ ತಕರಾರಿರಲಿಲ್ಲ.

"ಮೂವತ್ತೇಳು ಆನಿಗೆ ಹೊಟ್ಟಿಗೆ ಏನ್ ಹಾಕಿದ?" ಎಂದರು.

ಸಿಸ್ಟರ್ ಅದನ್ನು ಹೇಳಿರಲಿಲ್ಲ. ನಮ್ಮ ಆನಿಕೆರಿಯಲ್ಲಿ ಹಿಂದಿನ ಅರಸರು ಆನೆ ಮೀಯಿಸುತ್ತಿದ್ದರಂತೆ. ಒಂದು ಆನೆ ದಿನಕ್ಕೆ ಎಷ್ಟು ಕಬ್ಬು ತಿನ್ನುತ್ತದೆಂಬುದು ಅತ್ತೆಯವರ ಅಜ್ಜಿಯಿಂದ ಬಂದ ತಿಳಿವಳಿಕೆ. ಬರ್ಫಿನ ಗುಡ್ಡದಲ್ಲಿ ಕಬ್ಬು ಎಲ್ಲಿಂದ ಬರಬೇಕು? ಆ ಆನೆಗಳು ಹೆಚ್ಚು ಕಡಿಮೆ ಎಲ್ಲವೂ ಆ ಚಳಿಗಾಲದಲ್ಲೇ ಸತ್ತವು ಎಂದು ನಾನು ಮುಂದೆ ಹೇಳಿದಾಗ, ಗೊತ್ತಿತ್ತು ಎಂಬಂತೆ ತಲೆ ಆಡಿಸಿದರು. ಹೀಗೆ ಪ್ರತಿಯೊಂದು ಕಾಳಗಕ್ಕೂ ಅವರದು ಒಂದೇ ಬಗೆಯ ಪ್ರಶ್ನೆಗಳು. ಅಷ್ಟು ಮಂದಿಗೆ ರೊಟ್ಟಿ ಬಡಿದವರಾರು? ಹದಿನೈದು ವರ್ಷ ಮಂದಿಯ ನಾಡಿನಲ್ಲಿ ಉಳಿದನಲ್ಲ, ಯಾರ ಜೋಳ ತಿಂದ? ಊರಲ್ಲಿ ಅವನ ಹೊಲ ಯಾರು ನೋಡಿಕೊಂಡರು? ಇಷ್ಟೆಲ್ಲ ಕೇಳಿದರೂ ಅವರಿಗೆ ಹ್ಯಾನಿಬಲ್ಲನ ಮೇಲೆ ಸಿಟ್ಟಿರಲಿಲ್ಲ. ಗಂಡಸು, ರೋಮನ್ನು ಬಿಡೆನೆಂದು ಅವರಪ್ಪನಿಗೆ ಮಾತು ಕೊಟ್ಟಿದ್ದ, ಹೊರಟ ಎನ್ನುವಂತಿದ್ದರು.

ಎತ್ತುಗಳ ಕಥೆ ಬರುವವರೆಗೆ.

ಒಮ್ಮೆ ಹ್ಯಾನಿಬಲ್ ಒಂದು ಕಣಿವೆಯಲ್ಲಿ ಸಿಕ್ಕಿಬಿದ್ದ. ದಾರಿಗಳನ್ನೆಲ್ಲ ರೋಮಿನವರು ಕಟ್ಟಿಹಾಕಿದ್ದರು. ಆಗ ಅವನು ಎರಡು ಸಾವಿರ ಎತ್ತುಗಳ ಕೋಡಿಗೆ ಒಣ ಕಟ್ಟಿಗೆ ಕಟ್ಟಿಸಿ, ಕತ್ತಲಾದ ಮೇಲೆ ಬೆಂಕಿ ಹಚ್ಚಿಸಿ ಗುಡ್ಡದತ್ತ ಓಡಿಸಿದ. ಕಾವಲಿನವರು ಅದನ್ನು ದಂಡಿನ ದೀವಟಿಗೆಯೆಂದು ತಿಳಿದು ಆ ಕಡೆ ಓಡಿದರು. ಇವನು ಈ ಕಡೆಯಿಂದ ಪಾರಾದ. ಸಿಸ್ಟರ್ ಇದನ್ನು ಹೇಳಿದಾಗ ನಾವು ಹುಡುಗಿಯರು ಚಪ್ಪಾಳೆ ತಟ್ಟಿದ್ದೆವು. ಇಲ್ಲಿ ಅತ್ತೆಯವರ ಕೈ ಮೊರದಲ್ಲೇ ನಿಂತಿತು. ಕಾರಹುಣ್ಣಿವೆ ಆಗಿ ಎಂಟು ದಿನವಾಗಿರಲಿಲ್ಲ. ನಮ್ಮ ಎತ್ತುಗಳ ಕೋಡಿನ ಬಣ್ಣ ಇನ್ನೂ ಹಸಿಯಾಗಿಯೇ ಇದ್ದಂತಿತ್ತು. ತುದಿಗೆ ಕೊಂಬಣಸು ಕಟ್ಟಿದ ದಾರವನ್ನು ಇನ್ನೂ ಬಿಚ್ಚಿರಲಿಲ್ಲ.

"ಬಸವಣ್ಣನ ಕೋಡಿಗೆ ಬೆಂಕಿ ಹಚ್ಚಿದನೇನು," ಎಂದರು. ಮೊರ ಕೆಳಗಿಟ್ಟು, "ಆಂವ ಗೆದ್ರೂ ಉಳಿಯಂಗಿಲ್ಲ ಬಿಡು," ಎಂದರು.

ಆ ದಿನದಿಂದ ಅವರು ರೋಮಿನ ಕಡೆಯವರಾದರು. ರೋಮಿನಲ್ಲಿಯೂ ಅವರಿಗೆ ಒಬ್ಬನೇ ಬೇಕಾದವನು, ಫೇಬಿಯಸ್. ಹ್ಯಾನಿಬಲ್ಲನ ಮುಂದೆ ಬಯಲಿಗೆ ಬಂದು ಕಾದಿದರೆ ಸೋಲು ಖಂಡಿತ ಎಂದು ತಿಳಿದು, ಕಾದುವುದನ್ನೇ ಬಿಟ್ಟವನು ಅವನು. ಗುಡ್ಡದ ಮೇಲೆ ಮೇಲೆಯೇ ಹ್ಯಾನಿಬಲ್ಲನ ಹಿಂದೆ ನಡೆಯುವನು. ಮೇವಿಗೆ ಬಂದವರನ್ನು ತಡೆಯುವನು. ಕೈಗೆ ಮಾತ್ರ ಸಿಗನು. ರೋಮಿನ ಮಂದಿ ಅವನನ್ನು ಹೇಡಿಯೆಂದರು, ಹ್ಯಾನಿಬಲ್ಲನ ಹಿಂದೆ ಚೀಲ ಹೊತ್ತು ತಿರುಗುವ ಆಳು ಎಂದು ನಕ್ಕರು. ಸಿಸ್ಟರಿಗೂ ಅವನೆಂದರೆ ಅಷ್ಟಕ್ಕಷ್ಟೆ. ಎರಡು ಸಾಲಿನಲ್ಲಿ ಮುಗಿಸಿದ್ದರು. ಅತ್ತೆಯವರು ಮಾತ್ರ ಅವನನ್ನು ಮೂರು ಮಧ್ಯಾಹ್ನ ಕೇಳಿದರು. ಫೇಬಿಯಸ್ ಎಂಬುದು ನಾಲಿಗೆಗೆ ಬರಲಿಲ್ಲವೆಂದು ಅವನಿಗೆ ಸಾವಕಾಶಪ್ಪ ಎಂದು ಹೆಸರಿಟ್ಟರು.

ಅವರಿಗೆ ಸಾವಕಾಶಪ್ಪ ಬೇಕಾಗಿದ್ದ ಕಾಲವದು. ನನಗೆ ಅದು ಆಗ ಹೊಳೆದಿರಲಿಲ್ಲ.

ಬಂಕಾಪುರದ ದನದ ಸಂತೆಯಲ್ಲಿ ಮಾವನವರು ಸವಣೂರಿನ ಮಲ್ಲಪ್ಪನವರಿಗೆ ಮಾತು ಕೊಟ್ಟುಬಂದಿದ್ದರು. ಮಲ್ಲಪ್ಪನವರ ಅಕ್ಕನ ಮಗ ಎಲೆ ವ್ಯಾಪಾರದ ಸಾಹುಕಾರ. ಹೆಂಡತಿ ತೀರಿಹೋಗಿದ್ದಳು, ಮೂರು ಮಕ್ಕಳು. ಸವಣೂರಿನ ಎಲೆ ಹಾಕಿಕೊಳ್ಳುತ್ತ ಕುಳಿತಾಗ ಮಾತು ಬಂದು, ನಮ್ಮ ನೀಲವ್ವನ್ನ ನಿಮ್ಮ ಮನಿಗೇ ಕೊಡ್ತೇನಿ ಎಂದುಬಿಟ್ಟಿದ್ದರು. ಮಾವನವರು ಮಾತಾಡುವುದೇ ಕಡಿಮೆ. ಆಡಿದ್ದನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ಹಾನಗಲ್ಲಿನಲ್ಲಿ ಯಾರೂ ಕಂಡಿರಲಿಲ್ಲ. ಹೀಗಾಗಿ ಬೇಡವೆಂದು ನಮ್ಮ ಕಡೆಯಿಂದ ಹೇಳುವಂತಿರಲಿಲ್ಲ. ಹೇಳಿದರೆ ಸವಣೂರಿನವರೇ ಹೇಳಬೇಕು.

ಅತ್ತೆಯವರು ಬೇಡವೆಂದು ಒಂದು ದಿನವೂ ಅನ್ನಲಿಲ್ಲ. ಆದರೆ ನಮ್ಮ ಕಡೆ ಒಂದು ಪದ್ಧತಿಯಿದೆ. ಮನೆಗೆ ಯಾರೇ ಬರಲಿ, ಮೊದಲು ನೀರು ಮತ್ತು ಬೆಲ್ಲ ಕೊಡುತ್ತೇವೆ. ಹೆಣ್ಣು ಕೇಳಲು ಬಂದವರಿಗೆ ಮಾತ್ರ ಬರೀ ನೀರು. ಗಂಡಸರು ಹೊರಗೆ ಎಷ್ಟೇ ಮಾತಾಡಿರಲಿ, ಮನೆಯ ಹೆಂಗಸಿನ ಕೈಯಿಂದ ಸಿಹಿ ಹೋಗಿ ಅವರ ಬಾಯಿಗೆ ಬಿದ್ದಾಗಲೇ ಸಂಬಂಧ ಗಟ್ಟಿ. ಆಮೇಲೆ ದೇವರೂ ಬಿಡಿಸುವಂತಿಲ್ಲ. ಮಲ್ಲಪ್ಪನವರು ನಾಲ್ಕು ಮಂದಿಯನ್ನು ಕಟ್ಟಿಕೊಂಡು ತಿಂಗಳಿಗೊಮ್ಮೆ ಬರುವರು, ಎರಡು ದಿನ ಇರುವರು. ಅತ್ತೆಯವರು ಬಿಳಿ ಜೋಳದ ರೊಟ್ಟಿ, ಎಣ್ಣೆಗಾಯಿ, ಎರಡು ತರದ ಚಟ್ನಿ, ಕೆನೆ ಕಟ್ಟಿದ ಮೊಸರು ಎಲ್ಲ ಬಡಿಸುವರು. ಸಿಹಿ ಮಾತ್ರ ಇಲ್ಲ. ಮಲ್ಲಪ್ಪನವರು ಎಲೆಯ ಬಲಗಡೆಯ ಖಾಲಿ ಜಾಗವನ್ನು ನೋಡುವರು.

"ಹೋಳಿಗಿ ಮಾಡಬೇಕಂತಿದ್ನಿರಿ ಅಣ್ಣಾರ, ಹೂರಣ ಬೇಯಸೂ ಪಾತೇಲಿ ಕಲಾಯಿಗೆ ಹೋಗೇತಿ," ಎಂದು ಅತ್ತೆಯವರು ಸೆರಗು ಹೊದ್ದು ವಿನಯದಿಂದ ಹೇಳುವರು.

ಕಲಾಯಿಯವನು ನಮ್ಮೂರಿಗೆ ವರ್ಷಕ್ಕೆ ಎರಡು ಸಲ ಬರುತ್ತಿದ್ದ. ಮುಂದಿನ ತಿಂಗಳು ಆಕಳು ಈದಿತ್ತು, ಅದರ ಮುಂದಿನ ತಿಂಗಳು ಮಾಸ ಸರಿಯಿರಲಿಲ್ಲ. ಒಮ್ಮೆ ಮಲ್ಲಪ್ಪನವರು ಅತ್ತೆಯವರಿಗೊಬ್ಬರಿಗೇ ಒಂದು ಇಳಕಲ್ಲ ಸೀರೆ ಕಳಿಸಿದರು. ಮನೆಯ ಉಳಿದ ಹೆಂಗಸರು ಇವರ ಬಾಯಿ ಸೀರೆಯಿಂದ ಮುಚ್ಚಿತು ಎಂದು ಪಿಸುಗುಟ್ಟತೊಡಗಿದರು. ಹ್ಯಾನಿಬಲ್ ಊರೂರು ಸುಟ್ಟರೂ ಫೇಬಿಯಸನ ಹೊಲವೊಂದನ್ನೇ ಬಿಟ್ಟು, ಅವನವರೇ ಅವನನ್ನು ಅನುಮಾನಿಸುವಂತೆ ಮಾಡಿದ್ದ ಕಥೆಯನ್ನು ನಾನು ಹಿಂದಿನ ವಾರವಷ್ಟೇ ಹೇಳಿದ್ದೆ. ಅತ್ತೆಯವರು ಸೀರೆಯನ್ನು ಒಯ್ದು ಗ್ರಾಮದೇವಿಗೆ ಉಡಿಸಿಬಂದರು. ದೇವಿಗೆ ಹೋದ ಸೀರೆಯ ಬಗ್ಗೆ ಸವಣೂರಿನವರಾದರೂ ಏನು ಅನ್ನಬಲ್ಲರು?

ನೀಲಾ ಈ ಎಲ್ಲದರ ನಡುವೆ ಕುಂಟಾಬಿಲ್ಲೆ ಆಡಿಕೊಂಡಿದ್ದಳು ಎಂದು ನಾನು ಎಣಿಸಿದ್ದೆ. ಒಂದು ದಿನ ಅವಳ ಜಡೆ ಹೆಣೆಯುವಾಗ ತಲೆ ತಿರುಗಿಸದೇ ಕೇಳಿದಳು.

"ವೈನಿ, ಸಾವಕಾಶಪ್ಪ ಕಡೀಕ ಗೆದ್ದನೇನು?"

"ಗೆದ್ದ," ಎಂದೆ. ಜಡೆ ಬಿಗಿಯಾಯಿತೆಂದು ಕಾಣುತ್ತದೆ, ಅವಳು ಕುತ್ತಿಗೆ ಹಿಂದಕ್ಕೆ ತೆಗೆದುಕೊಂಡಳು. ನಾನು ಹೇಳಿದ್ದು ಪೂರ್ತಿ ನಿಜವಾಗಿರಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಆ ವರ್ಷ ಡಿಸೆಂಬರಿನಲ್ಲಿ ಸಿಸ್ಟರು ಅಪ್ಪನ ಕೈಯಲ್ಲಿ ಈ ಡಬ್ಬಿ ಕಳಿಸಿಕೊಟ್ಟರು, ತುಂಬ ಬಿಸ್ಕೀಟು. ಅತ್ತೆಯವರು ಅದನ್ನು ಮೂಸಿ ನೋಡಿ ಅಡುಗೆಮನೆಗೆ ಬೇಡವೆಂದು ನನ್ನ ಟ್ರಂಕಿನ ಮೇಲೆ ಇಡಿಸಿದರು. ನಾನೊಬ್ಬಳೇ ದಿನಕ್ಕೊಂದು ತಿನ್ನುತ್ತಿದ್ದೆ. ಹದಿನೈದು ದಿನವಾಗಿರಬೇಕು. ಅತ್ತೆಯವರು ಓಣಿಯಲ್ಲಿ ಬಾಣಂತಿ ನೋಡಲು ಹೋಗಿದ್ದರು. ಹೇಳದೇ ಕೇಳದೇ ಮಲ್ಲಪ್ಪನವರು ನಾಲ್ಕು ಮಂದಿಯೊಡನೆ ಬಂದಿಳಿದರು. ಮಾವನವರು ಚಾಪೆ ಹಾಸಿ ಕೂರಿಸಿದರು. ನಾನು ನೀರು ಕೊಟ್ಟೆ. ಬೆಲ್ಲ ಕೊಡಬಾರದು, ಸಕ್ಕರೆ ಕೊಡಬಾರದು, ಅದೆಲ್ಲ ನನಗೆ ಬಾಯಿಪಾಠವಾಗಿತ್ತು. ಆದರೆ ಬಂದವರಿಗೆ ಬರೀ ನೀರು ಕೊಟ್ಟು ಕೂರಿಸುವುದು ಒಳ್ಳೆಯ ಮನೆತನದ ಹೆಣ್ಣಿನ ಲಕ್ಷಣವಲ್ಲ ಎಂಬುದು ಕಾನ್ವೆಂಟಿನ ಬಾಯಿಪಾಠ. ಬಿಸ್ಕೀಟು ನನ್ನ ಮನಸ್ಸಿನಲ್ಲಿ ಸಿಹಿಯ ಪಂಕ್ತಿಯಲ್ಲೂ ಇರಲಿಲ್ಲ, ಖಾರದ ಪಂಕ್ತಿಯಲ್ಲೂ ಇರಲಿಲ್ಲ. ಅದು ತಟ್ಟೆಯಲ್ಲಿಡುವ ಒಂದು ಪದಾರ್ಥ, ಅಷ್ಟೇ. ಪಿಂಗಾಣಿ ತಟ್ಟೆಯಲ್ಲಿ ಐದು ಬಿಸ್ಕೀಟು ಸುತ್ತಲೂ ಹೂವಿನೆಸಳಿನಂತೆ ಜೋಡಿಸಿ, ತಟ್ಟೆಯ ಕೆಳಗೆ ನಾನೇ ಹೂವು ಹಾಕಿದ ಕರವಸ್ತ್ರ ಹಾಸಿ ಒಯ್ದೆ.

ಮಲ್ಲಪ್ಪನವರು ಒಂದನ್ನು ಕಚ್ಚಿದರು. ಅಗಿಯುವುದನ್ನು ನಿಲ್ಲಿಸಿದರು. ಮತ್ತೆ ಅಗಿದರು. ಅವರ ಮುಖ ಬೆಳಗಿದ್ದನ್ನು ನಾನು ಮೊದಲು ಬಿಸ್ಕೀಟಿಗೆ ಸಂದ ಗೌರವವೆಂದೇ ತಿಳಿದೆ.

"ಸಿಹಿ ಐತಿ," ಎಂದರು. ಜೊತೆಯವರ ಕಡೆ ತಿರುಗಿ, "ತಿನ್ರಿ, ಎಲ್ಲಾರೂ ತಿನ್ರಿ. ಸೊಸಿ ಕೈಯಿಂದ ಬಾಯಿ ಸಿಹಿ ಆತು. ಮಾಘದಾಗ ಮುಹೂರ್ತ ತಗಸೂಣು," ಎಂದರು.

ಮಾವನವರ ಕೈ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿತ್ತು. ಬಾಗಿಲ ಹಿಂದೆ ನೀಲಾ ನಿಂತಿದ್ದಳು. ಅವಳು ಅಳಲಿಲ್ಲ, ನನ್ನನ್ನು ನೋಡಿದಳು. ಆ ನೋಟವನ್ನು ಬಣ್ಣಿಸಲು ನಾನು ಹೋಗುವುದಿಲ್ಲ. ರೋಮಿನವರು ಸಾವಕಾಶಪ್ಪನ ನಿಧಾನಕ್ಕೆ ಬೇಸತ್ತು, ಅವಸರದವರ ಕೈಗೆ ದಂಡು ಕೊಟ್ಟು ಕ್ಯಾನೆ ಎಂಬ ಬಯಲಿಗೆ ಇಳಿದು, ಒಂದೇ ಮಧ್ಯಾಹ್ನ ಎಲ್ಲವನ್ನೂ ಕಳೆದುಕೊಂಡರು ಎಂದು ನಾನು ಎಷ್ಟು ಸಲ ಹೇಳಿದ್ದೆ. ಅದು ಹೇಗಾಗುತ್ತದೆ ಎಂದು ಆ ದಿನ ತಿಳಿಯಿತು. ಒಂದು ಪಿಂಗಾಣಿ ತಟ್ಟೆ ಸಾಕು.

ಅಷ್ಟರಲ್ಲಿ ಅತ್ತೆಯವರು ಬಂದರು. ಕಾಲು ಸಹ ತೊಳೆಯದೇ ಹೊಸ್ತಿಲಲ್ಲಿ ನಿಂತು ತಟ್ಟೆ ನೋಡಿದರು, ಕರವಸ್ತ್ರ ನೋಡಿದರು, ಮಲ್ಲಪ್ಪನವರ ಮೀಸೆಯಲ್ಲಿ ಸಿಕ್ಕ ಪುಡಿಯನ್ನು ನೋಡಿದರು. ನಿಮ್ಮ ಹುಡುಗಿ ನಮ್ಮವಳಾದಳು ಎಂದು ಮಲ್ಲಪ್ಪನವರು ಶುರು ಮಾಡಿದ್ದನ್ನು ಮುಗಿಸಲು ಬಿಟ್ಟು, ಆಮೇಲೆ ಬಹಳ ಕಾಳಜಿಯಿಂದ ಕೇಳಿದರು.

"ಅಣ್ಣಾರ, ಇದನ್ನ ತಿಂದ್ರೇನು?"

"ತಿಂದೆವು."

"ಇದು ನಮ್ಮ ಒಲಿ ಮ್ಯಾಲಿಂದಲ್ರಿ. ಹುಬ್ಬಳ್ಳಿ ಪಾದ್ರಿ ಹೆಣ್ಮಕ್ಕಳ ಮನೀದು. ನಮ್ಮ ಸೊಸಿ ಅಲ್ಲೇ ಬೆಳದಾಕಿ, ಅದಕ್ಕ ತಿಂತಾಳ. ಅದರಾಗ ತತ್ತಿ ಹಾಕಿರ್ತಾರಂತ, ನಾನು ಅಡಿಗಿಮನಿಗೆ ತರಗೊಟ್ಟಿಲ್ಲ."

ಮಲ್ಲಪ್ಪನವರ ಕೈ ತನ್ನಿಂದ ತಾನೇ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. ಜೊತೆಯ ಒಬ್ಬರು ಅಂಗಳಕ್ಕೆ ಎದ್ದು ಹೋದರು. ಬಾಯಿ ಮುಕ್ಕಳಿಸುವ ಸಪ್ಪಳ ಕೇಳಿಸಿತು.

"ಇದರಿಂದ ಬಾಯಿ ಸಿಹಿ ಆತು ಅಂತ ನೀವು ಸವಣೂರಾಗ ಹೇಳೂದಾದ್ರ ಹೇಳ್ರಿ, ನಮ್ಮದೇನಿಲ್ಲ," ಎಂದು ಅತ್ತೆಯವರು ಅಷ್ಟೇ ವಿನಯದಿಂದ ಮುಂದುವರಿಸಿದರು. "ಆದರ ಅವರ ಮನಿ ಸಿಹಿ ತಿಂದು ನಮ್ಮ ಮನಿ ಹೆಣ್ಣು ಹೆಂಗ ಕೇಳ್ತೀರಿ? ಅಲ್ಲೇ ಹೋಗಿ ಕೇಳ್ರಿ. ಬೇಕಾದಷ್ಟು ಮಂದಿ ಅದಾರಂತ, ಯಾರದೂ ಮದುವಿ ಆಗಿಲ್ಲ."

ಮಾವನವರಿಗೆ ಕೆಮ್ಮು ಬಂತು. ಮಲ್ಲಪ್ಪನವರು ಊಟಕ್ಕೆ ನಿಲ್ಲದೇ ಹೊರಟರು. ಹೋಗುವಾಗ ಬಾಗಿಲಲ್ಲಿ, ಈ ಬಿಸ್ಕೀಟಿನ ಮಾತು ಇಲ್ಲಿಗೇ ಇರಲಿ ಎಂದರು. ಇರಲಿ ಎಂದು ಅತ್ತೆಯವರೂ ಒಪ್ಪಿದರು. ಆ ಬಿಸ್ಕೀಟಿನಲ್ಲಿ ತತ್ತಿಯಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಸಿಸ್ಟರಿಗೆ ಪತ್ರ ಬರೆದು ಕೇಳಬಹುದಿತ್ತು. ಕೇಳಲಿಲ್ಲ.

ನನ್ನನ್ನು ಅವರು ಬೈಯಲಿಲ್ಲ. ಉಳಿದ ಬಿಸ್ಕೀಟನ್ನು ನೋಡಿ, ನಿನಗ ಬೇಕಾದ್ರ ತಿಂದು ಡಬ್ಬಿ ತೊಳದಿಡು, ಗಟ್ಟಿ ಐತಿ ಎಂದರು. ಆದರೆ ಅಪಾಯ ತಪ್ಪಿರಲಿಲ್ಲ. ಮಾವನವರ ಮಾತು ಹಾಗೆಯೇ ಇತ್ತು. ಪಾತೇಲಿಗೆ ಎಷ್ಟು ಸಲ ಕಲಾಯಿ ಹಾಕಿಸುತ್ತೀರಿ?

ಎರಡು ದಿನ ಬಿಟ್ಟು ಶ್ಯಾವಿಗೆ ಹೊಸೆಯುವಾಗ, ಹ್ಯಾನಿಬಲ್ಲನ ಮುಂದಿನ ಕಥೆ ಹೇಳು ಎಂದರು. ಸಿಪಿಯೋ ಎಂಬ ಹುಡುಗ ಸರದಾರ ಬಂದನೆಂದೆ. ಅವನು ಹ್ಯಾನಿಬಲ್ಲನನ್ನು ಇಟಲಿಯಲ್ಲಿಯೇ ಬಿಟ್ಟು, ಹಡಗು ಹತ್ತಿ ಸೀದಾ ಆಫ್ರಿಕಾಕ್ಕೆ, ಹ್ಯಾನಿಬಲ್ಲನ ಊರಿಗೇ ಹೋದನೆಂದೆ. ಊರಿನವರು ಹೆದರಿ, ಬಾರಪ್ಪಾ ಎಂದು ಹ್ಯಾನಿಬಲ್ಲನನ್ನು ಹಿಂದಕ್ಕೆ ಕರೆಸಿಕೊಂಡರು. ಅತ್ತೆಯವರ ಬೆರಳಿನಿಂದ ಇಳಿಯುತ್ತಿದ್ದ ಎಳೆ ಕಡಿಯಿತು.

"ಆಂವ ಇಲ್ಲೇ ಇದ್ದಾಗ ಇವರು ಅವನ ಮನಿಗೆ ಹ್ವಾದ್ರು," ಎಂದರು. ಕೇಳಿದ್ದಲ್ಲ, ಹೇಳಿಕೊಂಡದ್ದು.

ಸಂಕ್ರಾಂತಿ ಮುಗಿದ ವಾರ ಅತ್ತೆಯವರು ಮನಿ ನೋಡಾಕ ಹೊರಟರು. ಕೊಡುವ ಮೊದಲು ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಮನೆ ನೋಡುವುದು ವಾಡಿಕೆ. ಎಷ್ಟು ಮಂದಿ, ಎಷ್ಟು ದಿನ ಎಂಬುದಕ್ಕೆ ವಾಡಿಕೆಯಲ್ಲಿ ಮಿತಿಯಿಲ್ಲ. ಬೇರೆಯವರು ನಾಲ್ಕು ಮಂದಿ ಹೋಗಿ ಸಂಜೆಗೆ ಬರುವರು. ನಾವು ಹನ್ನೊಂದು ಹೆಂಗಸರು, ಆರು ಮಕ್ಕಳು, ಮೂರು ಚಕ್ಕಡಿ. ಶಿಗ್ಗಾವಿಯಲ್ಲಿ ನಮ್ಮವ್ವನ ಮನೆಯಲ್ಲಿ ಒಂದು ರಾತ್ರಿ ತಂಗಿದೆವು. ಅವ್ವ ಇಷ್ಟು ಜನರನ್ನು ನೋಡಿ, ಎಲ್ಲಿಗೆ ದಂಡು ಎಂದು ಕೇಳಿದಳು. ಅತ್ತೆಯವರು ನನ್ನ ಕಡೆ ನೋಡಿ ನಕ್ಕರು. ಅವರು ನಕ್ಕದ್ದನ್ನು ನಾನು ಕಂಡದ್ದು ಬಹಳ ಕಡಿಮೆ; ಮುಂದಿನ ಎರಡು ಹಲ್ಲಿನ ನಡುವೆ ಸಂದಿಯಿತ್ತು.

ಸವಣೂರಿನಲ್ಲಿ ಮೊದಲು ಮಠದ ಅಂಗಳದ ದೊಡ್ಡ ಹುಣಸೆ ಮರಗಳನ್ನು ನೋಡಿದೆವು. ಹುಣಸೆಯೆನ್ನುತ್ತಾರೆ, ಹುಣಸೆಯಲ್ಲ. ಬೂದಿ ಬಣ್ಣದ ಆ ಬುಡಗಳನ್ನು ನಮ್ಮ ಹನ್ನೊಂದು ಮಂದಿ ಕೈ ಹಿಡಿದು ನಿಂತರೂ ಬಳಸಲಾಗಲಿಲ್ಲ. ಆನಿ ನಿಂತಂಗ ಐತಿ ಎಂದು ಅತ್ತೆಯವರು ತೊಗಟೆಯನ್ನು ಸವರಿದರು. ಅವು ಆಫ್ರಿಕಾದ ಮರಗಳು, ಯಾರೋ ಎಂದೋ ಅಲ್ಲಿಂದ ತಂದು ನೆಟ್ಟದ್ದು ಎಂದು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಅತ್ತೆಯವರಿಗೆ ಹೇಳಿದ್ದರೆ ಸಂತೋಷಪಡುತ್ತಿದ್ದರು.

ಸಾಹುಕಾರರ ಮನೆಯಲ್ಲಿ ನಾವು ಆರು ದಿನ ಇದ್ದೆವು. ಅತ್ತೆಯವರು ಕಾಳು ತುಂಬುವ ಹಗೇವಿನಿಂದ ಅಟ್ಟದವರೆಗೆ ಎಲ್ಲ ನೋಡಿದರು. ಬಾವಿಯ ನೀರು ಕುಡಿದು ನೋಡಿದರು, ಎಮ್ಮೆ ಹಿಂಡಿ ನೋಡಿದರು, ಬೀಸುಕಲ್ಲು ಎತ್ತಿ ನೋಡಿದರು. ಹೊತ್ತಿಗೆ ಹದಿನೇಳು ಎಲೆ. ಸಿಹಿ ಬಡಿಸಲು ಬಂದರೆ, ನಮ್ಮ ಮನೆಯಲ್ಲಿ ಆಗುವವರೆಗೆ ಇಲ್ಲಿ ತಿನ್ನುವಂತಿಲ್ಲ ಎಂದು ಎಲೆಗೆ ಕೈ ಅಡ್ಡ ಹಿಡಿಯುವರು. ಸಾಹುಕಾರರು ಒಳ್ಳೆಯವರಂತೆ ಕಂಡರು. ನಲವತ್ತರ ಹತ್ತಿರ, ನಮ್ಮನ್ನು ಕಂಡರೆ ನಾಚಿ ಅಂಗಡಿಗೆ ಹೋಗಿಬಿಡುತ್ತಿದ್ದರು. ಅವರ ತಾಯಿ ಗಂಗವ್ವ, ಮೊಣಕಾಲು ನೋವಿನ ಹೆಂಗಸು, ಒಲೆಯ ಮುಂದೆ ಕುಳಿತವರು ಏಳಬೇಕಾದರೆ ಗೋಡೆ ಹಿಡಿಯಬೇಕು. ಮಲ್ಲಪ್ಪನವರು ಅವರ ತಮ್ಮ.

ಗಂಗವ್ವ ಸೋತು ಕೈಬಿಡಲಿ ಎಂಬುದೇ ಅತ್ತೆಯವರ ಹಂಚಿಕೆಯಾಗಿತ್ತು. ಅದು ಅರ್ಧ ಫಲಿಸಿಯೂ ಇತ್ತು. ಆದರೆ ಆರನೆಯ ದಿನ ಬೆಳಿಗ್ಗೆ ಅತ್ತೆಯವರು ಗಂಗವ್ವನನ್ನು ಒಲೆಯ ಮುಂದಿನಿಂದ ಎಬ್ಬಿಸಿ ತಾವೇ ರೊಟ್ಟಿ ಬಡಿಯಲು ಕುಳಿತರು. ನಾನು ಹಿಟ್ಟು ನಾದುತ್ತಿದ್ದೆ. ಹಿತ್ತಿಲ ಬಾಗಿಲಲ್ಲಿ ಸಾಹುಕಾರರ ದೊಡ್ಡ ಮಗಳು ತಮ್ಮಂದಿರಿಬ್ಬರನ್ನು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಅವಳು ಉಟ್ಟ ಪರಕಾರ ಮೊಣಕಾಲಿಗಿಂತ ಕೆಳಗೆ ನಾಲ್ಕೇ ಬೆರಳು ಇಳಿದಿತ್ತು. ಬೆಳೆದದ್ದನ್ನು ಗಮನಿಸಿ ಹೊಸದು ಹೊಲಿಸುವವರು ಆ ಮನೆಯಲ್ಲಿ ಇರಲಿಲ್ಲ. ಅತ್ತೆಯವರು ಬಡಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು. ಗಂಗವ್ವ ಅತ್ತೆಯವರನ್ನು ನೋಡುತ್ತಿದ್ದರು.

"ನಿಮ್ಮ ಹುಡುಗಿ ಎಷ್ಟ ವರ್ಷದಾಕಿರಿ?" ಎಂದು ಗಂಗವ್ವ ಕೇಳಿದರು. ಆರು ದಿನದಲ್ಲಿ ಯಾರೂ ಕೇಳಿರಲಿಲ್ಲ.

"ಬರೂ ಚೈತ್ರಕ್ಕ ಹದಿನಾಲ್ಕು."

"ನಮ್ಮಾಕಿಗೂ ಅಷ್ಟ."

ಹಂಚಿನ ಮೇಲಿನ ರೊಟ್ಟಿ ಕಪ್ಪಾಗುತ್ತಿತ್ತು. ನಾನು ಎದ್ದು ತೆಗೆದೆ.

"ನಮ್ಮ ತಮ್ಮಗ ನಾ ಹೇಳ್ತೇನಿ ತಗೋರಿ," ಎಂದರು ಗಂಗವ್ವ. "ನಿಮ್ಮವರ ಮಾತು ಎಲ್ಲೂ ಬೀಳೂದಿಲ್ಲ. ನಮಗ ಬ್ಯಾಡಾತು ಅಂತ ನಾವ ಹೇಳಿ ಕಳಸ್ತೇವಿ."

ಅತ್ತೆಯವರು ರೊಟ್ಟಿಯನ್ನು ಮತ್ತೆ ಬಡಿಯತೊಡಗಿದರು. ಅಂದು ಮಧ್ಯಾಹ್ನ ಚಕ್ಕಡಿ ಹೂಡುವ ಮೊದಲು, ಆ ಹುಡುಗಿಗೆಂದು ತಮ್ಮ ಗಂಟಿನಿಂದ ಒಂದು ಖಣ ತೆಗೆದು ಕೊಟ್ಟರು. ಮರುವರ್ಷ ಆ ಮನೆಗೆ ಹಿರೇಬೆಂಡಿಗೇರಿಯಿಂದ ಮೂವತ್ತು ದಾಟಿದ, ಗಂಡ ತೀರಿದ ಒಬ್ಬಾಕೆ ಉಡಿಕಿಯಾಗಿ ಬಂದರೆಂದು ಕೇಳಿದೆ. ಆ ಹುಡುಗಿಯ ಪರಕಾರವನ್ನು ಅವರು ನೋಡಿರಬೇಕು.

ಸವಣೂರಿನಿಂದ ಬೇಡವೆಂದು ಹೇಳಿಕಳಿಸಿದ ದಿನ ಮಾವನವರು ಆಯ್ತು ಎಂದರು, ಅಷ್ಟೇ. ಆ ರಾತ್ರಿ ಊಟಕ್ಕೆ ಹೋಳಿಗೆ ಇತ್ತು. ಪಾತೇಲಿ ಕಲಾಯಿಯಿಂದ ಬಂದಿತ್ತೆಂದು ಕಾಣುತ್ತದೆ.

ನೀಲಾ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿಸಿದಳು. ಹತ್ತೊಂಬತ್ತಕ್ಕೆ ಹಿರೇಕೆರೂರಿನ ಒಬ್ಬ ಶಾಲಾ ಮಾಸ್ತರರ ಸಂಬಂಧ ಬಂತು. ನೀಲಾಗೆ ಬೇಕಿತ್ತು, ಎಲ್ಲರಿಗೂ ಬೇಕಿತ್ತು. ಹೊರಗೆ ಇನ್ನೊಂದು ಯುದ್ಧ ನಡೆದಿತ್ತು. ಇಟಲಿಯ ಊರುಗಳ ಹೆಸರು ಮತ್ತೆ ಪತ್ರಿಕೆಯಲ್ಲಿ ಬರತೊಡಗಿದ್ದವು. ಸಕ್ಕರೆ ಸಿಗುವುದು ಕಷ್ಟವಾಗಿತ್ತು. ಅತ್ತೆಯವರು ಹಿಂದಿನ ವರ್ಷ ತೀರಿಹೋಗಿದ್ದರು. ಹಾಗಾಗಿ ಸಿಹಿ ನನ್ನ ಕೈಯಿಂದ ಹೋಗಬೇಕಿತ್ತು. ಸಿಕ್ಕಷ್ಟು ಸಕ್ಕರೆಯಲ್ಲಿ ರವೆ ಉಂಡಿ ಕಟ್ಟಿ, ಇರುವೆ ಹತ್ತದಂತೆ ಮುಚ್ಚಳ ಗಟ್ಟಿ ಕೂರುವ ಪಾತ್ರೆ ಇದೊಂದೇ ಎಂದು ಈ ಡಬ್ಬಿಯಲ್ಲಿಟ್ಟಿದ್ದೆ. ಡಬ್ಬಿಯನ್ನೇ ಹೊರಗೆ ಒಯ್ದೆ. ಆಗ ದೊರೆಸಾನಿಗೆ ಮುಖವಿತ್ತು. ಮಾಸ್ತರರ ತಂದೆ ಅವಳನ್ನು ನೋಡಿ ಕೈ ತಡೆದರು.

"ಇದು ಎಲ್ಲಿಂದ್ರಿ?" ಎಂದು ಕೇಳಿದರು.

ಮಾವನವರು ನನಗಿಂತ ಮೊದಲು ಹೇಳಿದರು. "ನಮ್ಮ ಒಲಿ ಮ್ಯಾಲಿಂದು. ತಿನ್ರಿ."

ಅವರೆಲ್ಲ ತಿಂದು ಹೋದ ಮೇಲೆ ಮಾವನವರು ಗೋಡೆಗೆ ಒರಗಿ ಕುಳಿತರು. ನಾನು ಚಾಪೆ ಸುತ್ತುತ್ತಿದ್ದೆ. ಬೆಳಕಿಂಡಿಯ ಕಡೆ ನೋಡುತ್ತ ಕೇಳಿದರು.

"ಆ ಸಾವಕಾಶಪ್ಪ ಕಡೀಕ ಗೆದ್ದದ್ದು ತಾ ನೋಡಿದನೇನವಾ?"

ಅವರು ಗೋಡೆಯ ಈಚೆಗಿನ ಕಥೆಯನ್ನೆಲ್ಲ ಕೇಳುತ್ತಿದ್ದರೆಂದು ನನಗೆ ಅದೇ ಮೊದಲು ತಿಳಿದದ್ದು. ನೀಲಾಗೆ ನಾನು ಹೇಳದೇ ಬಿಟ್ಟದ್ದು, ಅತ್ತೆಯವರಿಗೂ ಹೇಳದೇ ಉಳಿಸಿದ್ದು ಅದೊಂದೇ.

"ಇಲ್ರಿ ಮಾವಾ," ಎಂದೆ. "ಒಂದು ವರ್ಷ ಮೊದಲ ತೀರಿಕೊಂಡ."

ಅವರು ಡಬ್ಬಿಗೆ ಕೈ ಚಾಚಿದರು. ಒಂದು ಉಂಡಿ ತೆಗೆದುಕೊಂಡು ಬಹಳ ಹೊತ್ತು ಅಂಗೈಯಲ್ಲಿ ಹಿಡಿದುಕೊಂಡಿದ್ದರು. ಆಮೇಲೆ ನಿಧಾನವಾಗಿ ತಿಂದು, ಚಲೋ ಆಗ್ಯಾವು ಎಂದರು.